ಟ್ರಸ್ಟಿಗಿರಿ ಬಿಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಂಥ ಅತಿಬುದ್ಧಿವಂತನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅಪ್ಪ ಸಾಯುವ ಮುಂಚೆ ಇಸ್ತ್ರಿ ಅಂಗಡಿಯನ್ನು ನನ್ನ ತಮ್ಮನಿಗೋಸ್ಕರ ಟ್ರಸ್ಟ್ ಮಾಡಿಟ್ಟಿದ್ದರು. ಅವನು ಮೈಯಲ್ಲಿ ಆಳು, ಬುದ್ಧಿಯಲ್ಲಿ ಮಗು. ಬಟ್ಟೆ ತಿಕ್ಕುವುದು ಬಿಟ್ಟರೆ ಬೇರೇನೂ ಬಾರದು, ಆ ಅಂಗಡಿ ಬಿಟ್ಟರೆ ಬೇರೆಲ್ಲೂ ನಿಲ್ಲುವವನಲ್ಲ. ನಾನು, ಚಿಕ್ಕಪ್ಪ, ಅಪ್ಪನ ಹಳೆಯ ವಕೀಲರು, ಹೀಗೆ ಮೂವರು ಟ್ರಸ್ಟಿಗಳು. ಅಂಗಡಿ ಮಾರುವ ಅಧಿಕಾರ ನಮಗಿತ್ತು. ಆದರೆ ಮೂವರೂ ಒಪ್ಪಬೇಕು, ಮಾರಿದರೂ ತಮ್ಮನ ಒಳ್ಳೆಯದಕ್ಕೇ ಮಾರಬೇಕು.

ಪಕ್ಕದ ಹಾರ್ಡ್‌ವೇರ್ ಅಂಗಡಿ ಚಿಕ್ಕಪ್ಪನದು. ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡಿಕೊಳ್ಳಬೇಕೆಂದು ಅಪ್ಪ ಬದುಕಿದ್ದಾಗಲೇ ಕಣ್ಣು ಹಾಕಿದ್ದ. ಟ್ರಸ್ಟಿಯಾದವನು ಟ್ರಸ್ಟ್ ಆಸ್ತಿಯನ್ನು ತಾನೇ ಕೊಳ್ಳುವ ಹಾಗಿಲ್ಲ ಎಂದು ಯಾರೋ ಹೇಳಿದ್ದೇ ತಡ, ರಾಜೀನಾಮೆ ಬರೆದು ತಂದ. ವಕೀಲರು ಬಾಯಿ ತೆರೆಯುವಷ್ಟರಲ್ಲಿ, "ನಂಗೆ ಕಾನೂನು ಹೇಳ್ಕೊಡ್ಬೇಡಿ, ಸೈನ್ ಹಾಕಿ" ಎಂದ. ಅವರು ಹಾಕಿದರು. ನಾನಂತೂ ಎರಡು ಸಲ ಯೋಚಿಸದೆ ಹಾಕಿದೆ.

ಮಾರನೆಯ ದಿನ ನಾನೂ ವಕೀಲರೂ ಅಂಗಡಿಯಲ್ಲಿದ್ದಾಗ ಚಿಕ್ಕಪ್ಪ ಬಂದು, ತಮ್ಮ ಬಟ್ಟೆ ತಿಕ್ಕುತ್ತಿದ್ದ ಇಸ್ತ್ರಿ ಮೇಜಿಗೆ ಒರಗಿ ನಿಂತ.

"ಈಗ ನಾನು ಹೊರಗಿನವನು. ಅಂಗಡಿ ನಂಗೆ ಮಾರಿ. ಇವನನ್ನ ಯಾವ್ದಾದ್ರೂ ಆಶ್ರಮಕ್ಕೆ ಸೇರಿಸಿದ್ರಾಯ್ತು."

ನನ್ನ ಮೈಯೆಲ್ಲ ಉರಿದುಹೋಯಿತು. ತಮ್ಮನ ಎದುರಿಗೇ ಹೇಳುತ್ತಾನಲ್ಲ, ಮಾನಗೇಡಿ.

ವಕೀಲರು ಕನ್ನಡಕ ಒರೆಸಿಕೊಂಡರು. "ಮೊನ್ನೆ ಮೊನ್ನೆ ಟ್ರಸ್ಟಿಗಿರಿ ಬಿಟ್ಟೋರೂ ಕೊಳ್ಳೋ ಹಾಗಿಲ್ಲ, ಕೋರ್ಟ್ ಒಪ್ಪಿಗೆ ಬೇಕು. ನಿನ್ನೆ ಅದನ್ನೇ ಹೇಳೋಕೆ ಹೋದೆ."

"ಹಾಗಾದ್ರೆ ನನ್ನ ರಾಜೀನಾಮೆ ವಾಪಸ್ ಕೊಡಿ."

"ಒಪ್ಕೊಂಡಾಯ್ತಲ್ಲ. ಇನ್ಮೇಲೆ ಮಾರೋದು ಬಿಡೋದು ನಮ್ಮಿಬ್ಬರ ಕೈಲಿ."

"ನಾನು ಮಾರಲ್ಲ" ಎಂದೆ. "ಇದು ಟ್ರಸ್ಟಿಗಳು ಮಾತಾಡ್ಕೊಳ್ಳೋ ವಿಷ್ಯ, ಚಿಕ್ಕಪ್ಪ. ನಿಮಗೇನು ಕೆಲಸ ಇಲ್ಲಿ? ನಡೀರಿ."

ಅವನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

"ಈ ಹೊಸ್ತಿಲು ಇನ್ನು ತುಳಿದ್ರೆ ಕೇಳು" ಎಂದ.

"ತುಳೀಬೇಡಿ. ಪೀಡೆ ತೊಲಗ್ತು ಅಂದ್ಕೋತೀವಿ."

ಚಿಕ್ಕಪ್ಪ ದಡದಡನೆ ಇಳಿದು ಹೋದ. ತಮ್ಮನಿಗೆ ನಮ್ಮ ಮಾತು ಎಷ್ಟು ತಿಳಿಯಿತೋ ಕಾಣೆ. ತಿಕ್ಕಿಟ್ಟಿದ್ದ ಬಟ್ಟೆಗಳಲ್ಲಿ ಚಿಕ್ಕಪ್ಪನದೊಂದು ಶರ್ಟು ಹುಡುಕಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಹಿಂದೆಯೇ ಓಡಿದ. "ಚಿಕ್ಕಪ್ಪ, ಶರ್ಟು." ಚಿಕ್ಕಪ್ಪ ತಿರುಗಿಯೂ ನೋಡಲಿಲ್ಲ. ತನ್ನ ಅಂಗಡಿಯೊಳಗೆ ಹೋಗಿ ಶಟರ್ ಎಳೆದುಕೊಂಡ. ತಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದು ವಾಪಸ್ ಬಂದ.

"ಅಕ್ಕ, ಇಸ್ತ್ರಿ ಸರಿ ಬಂದಿಲ್ವಾ?"

"ಸರಿ ಬಂದಿದೆ ಕಣೋ."

ಅವನು ನಂಬಲಿಲ್ಲ. ಮಡಿಕೆ ಬಿಚ್ಚಿ, ಶರ್ಟನ್ನು ಮೇಜಿನ ಮೇಲೆ ಹರಡಿ, ಕಾಲರಿನಿಂದ ಮತ್ತೆ ತಿಕ್ಕತೊಡಗಿದ.