ಕೂಗದ ಕೋಳಿ

"ನಮ್ ಕೋಳಿ ಸತ್ತೋಯ್ತು ಕಣಮ್ಮಿ," ಎನ್ನುತ್ತ ನಾಗರತ್ನ ಬಸ್ಸಿನ ಕಂಬಿ ಹಿಡಿದು ನಕ್ಕಳು.

ದೇವನೂರಿನಿಂದ ನಂಜನಗೂಡಿಗೆ ಹೊರಟ ಬೆಳಗಿನ ಬಸ್ಸು. ಪಕ್ಕದಲ್ಲಿ ನಿಂತಿದ್ದ ಮಗಳು ಕವನಳಿಗೆ ಅರ್ಥವಾಗಲಿಲ್ಲ. "ಯಾವ ಕೋಳಿಯವ್ವಾ?"

"ಅದೇ, ಪ್ಯಾಕಿಂಗ್ ರೂಮಲ್ಲಿ ಗೋಡೆ ಮ್ಯಾಲೆ ಕುಂತದಲ್ಲ, ಗ್ಯಾಸ್ ಬಂದ್ರೆ ಕೂಗೋ ಅಲಾರಾಂ. ಅದು ಕೂಗಿದಾಗೆಲ್ಲ ಗೇಟ್‌ಗಂಟ ಓಡ್ಬೇಕು. ಓಡೀ ಓಡೀ ಮಂಡಿ ಬಿದ್ದೋಗಿತ್ತು. ಒಂದು ತಿಂಗಳಿಂದ ಸದ್ದೇ ಇಲ್ಲ. ಯಾರೋ ಪುಣ್ಯಾತ್ಮ ರಿಪೇರಿ ಮಾಡವ್ನೆ."

ಹೇಳುತ್ತಲೇ ಕೆಮ್ಮಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಂಪಗಿದ್ದವು.

ಕವನ ಕಿಟಕಿಯತ್ತ ತಿರುಗಿದಳು. ಆ ಪುಣ್ಯಾತ್ಮ ಅವಳೇ. ಅವ್ವನ ಫ್ಯಾಕ್ಟರಿಯ ಅಲಾರಾಂಗೆ ಪ್ರೋಗ್ರಾಂ ಬರೆದುಕೊಟ್ಟದ್ದು ಎದುರಿನ ಮಹಡಿಯಲ್ಲಿದ್ದ ಅವಳ ಆಫೀಸು. "ಏಳನೇ ನಂಬರಿಂದು ಖಾಲಿ ಗೋದಾಮು. ಹಳೇ ಸೆನ್ಸರ್, ಸುಮ್ನೆ ಬಡ್ಕೊಳ್ಳುತ್ತೆ. ಹೊಸದು ಬರೋವರ್ಗೂ ಬಾಯಿ ಮುಚ್ಸಮ್ಮ," ಎಂದು ಆಫೀಸಿನ ಮಾಲೀಕ ಮಹೇಂದ್ರ ಹೇಳಿದ್ದ. ಪ್ರೋಗ್ರಾಂಗೆ ಒಂದೇ ಸಾಲು ಸೇರಿಸಿದ್ದಳು. ಹೊಸದು ಬರಲೇ ಇಲ್ಲ. ಕೇಳಿದರೆ ಗದರಿದ. ಕೆಲಸ ಬಿಡುವ ಯೋಚನೆ ಅಂದೇ ಹುಟ್ಟಿತ್ತು. ಆ ಏಳನೇ ನಂಬರು ಅವ್ವನ ಪ್ಯಾಕಿಂಗ್ ರೂಮೇ ಎಂದು ತಿಳಿದದ್ದು ಮಾತ್ರ ಈಗ.

"ಅವ್ವಾ, ಈ ಕೆಲ್ಸ ಬಿಟ್ಬಿಡ್ತೀನಿ."

"ನೆಳ್ಳಲ್ಲಿ ಕುಂತು ಮಾಡೋ ಕೆಲ್ಸ ಬುಟ್ಟು ನನ್ ಜೊತೆ ಡಬ್ಬ ತುಂಬಕ್ಕೆ ಬತ್ತೀಯಾ, ಮೂದೇವಿ?"

"ನೀನೂ ಇವತ್ತು ಒಳಕ್ಕೆ ಹೋಗ್ಬೇಡ."

"ಯಾಕೆ, ಮೇಸ್ತ್ರಿ ನಿನ್ ಮಾವನಾ?"

ಬಸ್ಸಿಳಿದು ಕವನ ಅವ್ವನ ಹಿಂದೆಯೇ ಫ್ಯಾಕ್ಟರಿಯವರೆಗೂ ನಡೆದಳು. ಗೇಟಿನಲ್ಲಿ ನಾಗರತ್ನ ಫೋನನ್ನು ವಾಚ್‌ಮನ್ ಕೈಗಿತ್ತು, ಬುತ್ತಿ ಚೀಲ ಕಂಕುಳಿಗೇರಿಸಿ, ಹಿಂದಿರುಗಿ ನೋಡದೆ ಒಳಗೆ ಹೋದಳು.

"ಅದು ಗೋದಾಮಲ್ಲ ಸಾರ್," ಎಂದಳು ಕವನ, ಆಫೀಸಿನ ಬಾಗಿಲಲ್ಲೇ. "ಜನ ಅವ್ರೆ. ನಮ್ಮವ್ವ ಅವ್ಳೆ."

ಮಹೇಂದ್ರ ಟೀ ಲೋಟ ಕೆಳಗಿಡಲಿಲ್ಲ. "ಇಷ್ಟ ಇಲ್ದಿದ್ರೆ ಇವತ್ತೇ ಬಿಡಮ್ಮ. ನಾನೇನು ಹಿಡ್ಕೊಂಡಿಲ್ಲ. ಪಾಸ್‌ವರ್ಡ್ ಪವಿತ್ರಾಗೆ ಹೇಳ್ಬಿಟ್ಟು ಹೋಗು."

ಬಿಡುವುದು ಇಷ್ಟು ಸಲೀಸು ಎಂದು ಅವಳು ಎಣಿಸಿರಲಿಲ್ಲ. ಅವಳು ಎದ್ದುಹೋದರೂ ಆ ಸಾಲು ಅಲ್ಲೇ ಕೂತಿರುತ್ತದೆ. ಪಕ್ಕದ ಕುರ್ಚಿಯ ಪವಿತ್ರ ತಲೆ ಎತ್ತದೆ ಕೀಲಿ ಒತ್ತುತ್ತಲೇ ಇದ್ದಳು.

"ಮಧ್ಯಾಹ್ನದ ಗಂಟ ಇರ್ತೀನಿ ಸಾರ್," ಎಂದು ಕವನ ತನ್ನ ಜಾಗದಲ್ಲಿ ಕೂತಳು.

ಮಹೇಂದ್ರ ಒಳಕೋಣೆಗೆ ಹೋದ ಮೇಲೆ ಸಾಲನ್ನು ಅಳಿಸಿದಳು. ತಿದ್ದಿದ ಪ್ರೋಗ್ರಾಂ ಅನ್ನು ರಸ್ತೆಯಾಚೆಯ ಅಲಾರಾಂಗೆ ಕಳಿಸಿದಳು. ಸಂಜೆಯೋ ನಾಳೆಯೋ ಎಂದಾದರೂ ಒಂದು ದಿನ ಅದು ಕೂಗೀತು, ಅವ್ವ ಬೈದುಕೊಂಡು ಓಡಿಯಾಳು ಎಂದುಕೊಂಡು ಬ್ಯಾಗಿಗೆ ಕೈಹಾಕಿದಳು.

ಕೋಳಿ ಆಗಲೇ ಕೂಗತೊಡಗಿತು.

ಅವಳು ಮೆಟ್ಟಿಲಿಳಿದು ರಸ್ತೆ ದಾಟಿ ಓಡಿದಳು. ಮೇಲೆ ಮಹೇಂದ್ರನ ಫೋನು ಬಡಿದುಕೊಳ್ಳುತ್ತಿತ್ತು. ವಾಚ್‌ಮನ್ ಗೇಟನ್ನು ಅಗಲ ತೆರೆದು, ಓಡಿಬರುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿದ್ದ. ಯಾರೂ ಓಡಿಬರಲಿಲ್ಲ.

ಅಂಗಳದಾಚೆ ಪ್ಯಾಕಿಂಗ್ ರೂಮಿನ ಬಾಗಿಲು ಮುಚ್ಚಿಯೇ ಇತ್ತು. ಅದರ ಮುಂದೆ ಹೆಂಗಸರ ಚಪ್ಪಲಿಗಳು ಸಾಲಾಗಿ, ಬಿಟ್ಟಲ್ಲೇ ಇದ್ದವು.