ಬೋರ್ಡಿನ ಕೆಳಗಿನ ಸಾಲು

ಸೋಮವಾರ ಬೆಳಿಗ್ಗೆ ಚಹಾದಂಗಡಿಯವನನ್ನು ಪೊಲೀಸರು ಎತ್ತಿಕೊಂಡು ಹೋದರು. ಗಡಿ ಕಡೆಗೆ ಇಷ್ಟೊಂದು ಲಾರಿ ಹೋಗ್ತಿವೆಯಲ್ಲ, ಯುದ್ಧ ಗಿದ್ಧ ಏನಾದ್ರೂ ಇದೆಯಾ ಎಂದು ಅವನು ಗಿರಾಕಿಯೊಬ್ಬನನ್ನು ಕೇಳಿದ್ದ. ಅಂಗಡಿಯ ಬಾಗಿಲೆಳೆದು ಬೀಗ ಹಾಕಿ ಅರಗಿನ ಮೊಹರು ಒತ್ತಿದರು. ಒಲೆಯ ಮೇಲಿದ್ದ ಹಾಲು ಒಳಗೇ ಉಳಿಯಿತು.

ಅಂದಿನಿಂದ ಬೀದಿಯಲ್ಲಿ ಯಾರೂ ಆ ಪದ ಎತ್ತಲಿಲ್ಲ. ರೇಡಿಯೋ ಅದನ್ನು ‘ಕವಾಯತು’ ಎನ್ನುತ್ತಿತ್ತು. ಜನ ‘ಮದುವೆ’ ಎನ್ನತೊಡಗಿದರು. ಸೀಮೆಎಣ್ಣೆಯ ಸಾಲಿನಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯ ಕನ್ನಡಿಯ ಮುಂದೆ ಅದೇ ಮಾತು.

‘ಮದುವೆ ಯಾವಾಗಂತೆ?’

‘ದಿಬ್ಬಣ ಹೊರಟಾಯ್ತಲ್ಲ, ನೋಡ್ಲಿಲ್ವಾ? ನಿನ್ನೆಯಿಂದ ಮುಗೀತಾನೇ ಇಲ್ಲ.’

‘ಹೆಣ್ಣಿನ ಕಡೆಯವರು ಒಪ್ಪಿದ್ದಾರಾ?’

‘ಅವರನ್ನ ಯಾರಪ್ಪ ಕೇಳ್ತಾರೆ?’

ನಗುತ್ತಿದ್ದರು. ನಕ್ಕಾದ ಮೇಲೆ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ಕತ್ತು ತಿರುಗಿಸಿ ನೋಡುತ್ತಿದ್ದರು. ನೋಡಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಕತ್ತು ಉಳುಕಿದವರ ಹಾಗೆ ನೀವಿಕೊಳ್ಳುತ್ತಿದ್ದರು. ಆ ವಾರ ಊರಿಗೆ ಊರೇ ಕತ್ತು ನೋವಿನಿಂದ ನರಳಿತು ಎನ್ನಬೇಕು.

ಆ ಬೀದಿಯ ಕೊನೆಯಲ್ಲಿ ಬಣ್ಣದಮ್ಮನ ಬೋರ್ಡಿನ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು: ಉದ್ದನೆಯ ಒಂದು ಕೋಣೆ, ಗೋಡೆಗೊರಗಿಸಿದ ತಗಡುಗಳು, ಟರ್ಪೆಂಟೈನಿನ ವಾಸನೆ, ಚೆಲ್ಲಿದ ಬಣ್ಣ ಒಣಗಿ ಒಣಗಿ ಮರ ಯಾವುದು ಬಣ್ಣ ಯಾವುದು ತಿಳಿಯದ ಒಂದು ಮೇಜು. ಗಂಡ ತೀರಿಕೊಂಡ ಮೇಲೆ ಅಕ್ಷರ ಬರೆಯುವ ಕೆಲಸ ಅವಳ ಕೈಗೆ ಬಂತು. ತಗಡು ಕತ್ತರಿಸುವುದು, ಚೌಕಟ್ಟು ಕಟ್ಟುವುದು, ಗಿರಾಕಿಗಳ ತಲೆ ತಿನ್ನುವುದು ಮೈದುನನ ಪಾಲಿನದು. ಅತ್ತಿಗೆ ಮಾತಿಗೆ ಜಿಪುಣಿ, ಮೈದುನ ಅದರ ಬಡ್ಡಿಯನ್ನೂ ಸೇರಿಸಿ ಖರ್ಚು ಮಾಡುವವನು.

ಬಣ್ಣದಮ್ಮನ ತವರು ಗಡಿಯಾಚೆ. ಅವಳು ಮದುವೆಯಾಗಿ ಬಂದಾಗ ಗಡಿಯೆಂದರೆ ಒಂದು ಅಡ್ಡಗಂಬ, ಪಕ್ಕದಲ್ಲಿ ತೂಕಡಿಸುವ ಒಬ್ಬ ಕಾವಲುಗಾರ, ಅಷ್ಟೇ. ಆಚೆಯವರ ಮಾತು ಬೇರೆ, ಲಿಪಿ ಬೇರೆ. ಅಲ್ಲಿಯ ಜನ ಈಚೆಗೆ ಬಟ್ಟೆಗೆ, ಔಷಧಕ್ಕೆ, ಸೈಕಲ್ ರಿಪೇರಿಗೆ ಬರುತ್ತಿದ್ದ ಕಾಲದಲ್ಲಿ ಪ್ರತಿ ಅಂಗಡಿಯವನಿಗೂ ಬೋರ್ಡಿನಲ್ಲಿ ಎರಡು ಸಾಲು ಬೇಕಿತ್ತು. ಮೇಲೆ ಈಚೆಯ ಲಿಪಿ, ಕೆಳಗೆ ಆಚೆಯದು. ಕೆಳಗಿನ ಸಾಲು ನೆಟ್ಟಗೆ ಬರೆಯಬಲ್ಲವಳು ಊರಿಗೆಲ್ಲ ಅವಳೊಬ್ಬಳೇ. ಈ ಚಳಿಗಾಲದಲ್ಲಿ ಅದೇ ಅಂಗಡಿಯವರು ಒಬ್ಬೊಬ್ಬರೇ ಬಂದು ಕೆಳಗಿನ ಸಾಲಿನ ಮೇಲೆ ಬಣ್ಣ ಬಳಿದುಕೊಡು ಎನ್ನತೊಡಗಿದರು.

‘ನನಗೇನಿಲ್ಲಮ್ಮ,’ ಎಂದಿದ್ದ ಔಷಧದಂಗಡಿಯವನು, ಅವಳ ಮುಖ ಬಿಟ್ಟು ಕೋಣೆಯಲ್ಲಿದ್ದ ಎಲ್ಲವನ್ನೂ ನೋಡುತ್ತಾ. ‘ಸುಮ್ನೆ, ಯಾಕೆ ಬೇಕು ಅಂತ.’

ಅವಳು ಏಣಿ ಹತ್ತಿ, ತಾನೇ ಬರೆದದ್ದನ್ನು ತಾನೇ ಮುಚ್ಚಿ ಬಂದಿದ್ದಳು. ಬರೆದ ಕೈಗೆ ಮುಚ್ಚುವುದೇನು ಕಷ್ಟ ಎಂದು ಮೈದುನ ನಗಿಸಲು ನೋಡಿದ. ಅವಳು ನಗಲಿಲ್ಲ.

ಹೀಗಿರುವಾಗ ಬುಧವಾರ ಒಬ್ಬ ಸಾಹೇಬ ಬಂದ. ಮೈಮೇಲೆ ಸಾದಾ ಅಂಗಿ, ಸಾದಾ ಪ್ಯಾಂಟು. ಆದರೆ ಬೂಟು ಹೊಳೆಯುತ್ತಿತ್ತು. ಇಂಥ ಧೂಳಿನ ಬೀದಿಯಲ್ಲಿ ಹೊಳೆಯುವ ಬೂಟು ಹಾಕಿದವನು ಜೀಪಿನಲ್ಲಿ ಬಂದಿರುತ್ತಾನೆ, ಜೀಪನ್ನು ಮೂಲೆಯಾಚೆ ನಿಲ್ಲಿಸಿರುತ್ತಾನೆ.

‘ರಸ್ತೆ ಬೋರ್ಡು ಬೇಕು. ಎರಡು ಸಾಲು. ಶನಿವಾರದೊಳಗೆ.’

‘ಯಾವ ರಸ್ತೆಗೆ ಸಾರ್?’ ಎಂದ ಮೈದುನ.

‘ಕವಾಯತಿಗೆ.’

ಮೇಜಿನ ಮೇಲಿಟ್ಟ ಚೀಟಿಯಲ್ಲಿ ಊರುಗಳ ಹೆಸರು, ಪಕ್ಕದಲ್ಲಿ ಬಾಣದ ಗುರುತು. ಬಣ್ಣದಮ್ಮ ಮೇಲಿನಿಂದ ಓದಿದಳು. ಮೊದಲನೆಯದು ಅಡ್ಡಗಂಬ ದಾಟಿದ ಕೂಡಲೇ ಸಿಗುವ ಹಳ್ಳಿ. ಆಮೇಲೆ ಸಕ್ಕರೆ ಕಾರ್ಖಾನೆಯ ಕೂಡುರಸ್ತೆ. ಅದರ ಕೆಳಗೆ ಅವಳ ತವರೂರು. ಅದರಾಚೆ ಅವಳು ಹೆಸರು ಮಾತ್ರ ಕೇಳಿದ್ದ ಊರುಗಳು. ಕೊನೆಯದು ಆ ದೇಶದ ರಾಜಧಾನಿ.

ಮೈದುನನಿಗೆ ಆಚೆಯ ಊರುಗಳ ಪರಿಚಯವಿಲ್ಲ. ಅವನು ಕಸುಬಿನ ಲೆಕ್ಕಕ್ಕೆ ಇಳಿದ. ‘ಕವಾಯತಿಗೆ ಇನಾಮಲ್ ಬಣ್ಣ ದಂಡ ಸಾರ್. ನೀರುಬಣ್ಣ ಹೊಡೆದುಕೊಡ್ತೀವಿ. ಒಂದು ಮಳೆ ಬರೋವರೆಗೆ ಲಕ್ಷಣವಾಗಿರುತ್ತೆ. ಚುನಾವಣೆಯವರಿಗೂ ಅದೇ ಕೊಡೋದು. ಅವರ ಮಾತೂ ಅಷ್ಟೇ ದಿನ ತಾನೇ ಇರೋದು?’

ಸಾಹೇಬ ನಗಲಿಲ್ಲ. ‘ಹತ್ತು ವರ್ಷ ಬಾಳಬೇಕು. ಬಿಸಿಲಿಗೂ ಮಳೆಗೂ.’

ಅವನು ಹೋದ ಮೇಲೆ ಮೈದುನ ಕತ್ತರಿ ಕೆಳಗಿಟ್ಟ. ಬಣ್ಣದ ಮಾತು ಅವನಿಗೆ ತಿಳಿಯುತ್ತದೆ. ಸಂತೆಗೆ ಬಂದವನು ನೀರುಬಣ್ಣ ಕೇಳುತ್ತಾನೆ. ಇನಾಮಲ್ ಕೇಳುವವನು ಮನೆ ಕಟ್ಟಿದವನು.

‘ಅತ್ತಿಗೆ,’ ಎಂದ ಮೆಲ್ಲಗೆ, ‘ಇದು ಹೋಗಿ ಬರೋ ಮದುವೆಯಲ್ಲ. ಮನೆಅಳಿಯತನ.’

ಅವಳು ತಗಡಿಗೆ ಪ್ರೈಮರ್ ಬಳಿಯತೊಡಗಿದಳು. ಊರಿನ ಹೆಸರು ತಾನೇ, ಹೆಸರಿನಿಂದ ಯಾರಿಗೇನು ಏಟು ಬೀಳುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಹೆದರಿದವರು ತಮಗೆ ತಾವೇ ಹೇಳಿಕೊಳ್ಳುವ ಮಾತು ಯಾವಾಗಲೂ ತುಂಬ ನಯವಾಗಿರುತ್ತದೆ.

ಮರುದಿನ ಮಧ್ಯಾಹ್ನ ತವರೂರಿನ ಬೋರ್ಡಿನ ಸರದಿ ಬಂತು. ಕೆಳಗಿನ ಸಾಲಿಗೆ ಅವಳು ಸಣ್ಣ ಬ್ರಶ್ಶು ತೆಗೆದಳು. ಮೊದಲ ಅಕ್ಷರದ ಕೊಕ್ಕೆಯನ್ನು ಶಾಲೆಯಲ್ಲಿ ಕಲಿತ ಹಾಗೆ ತುಸು ಹೆಚ್ಚು ಬಾಗಿಸಿದಳು. ಎರಡನೆಯದಕ್ಕೆ ಉಸಿರು ಹಿಡಿದು ಒಂದೇ ಎಳೆತ. ಅಂಚಿಗೆ ಚಾಚಿದ ಕೂದಲೆಳೆಯಷ್ಟು ಬಣ್ಣವನ್ನು ಬಟ್ಟೆಯ ತುದಿಯಿಂದ ಒರೆಸಿದಳು. ಉಳಿದ ಬೋರ್ಡುಗಳಿಗೆ ಒಂದು ಕೋಟು ಕೊಟ್ಟಿದ್ದವಳು ಇದಕ್ಕೆ ಎರಡು ಕೊಟ್ಟಳು. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ತಲೆ ವಾಲಿಸಿ ನೋಡಿದಳು. ಚೆಂದ ಬಂದಿತ್ತು. ಇಷ್ಟು ಚೆಂದದ ಅಕ್ಷರ ಬರೆದು ವರ್ಷಗಳಾಗಿದ್ದವು. ತವರಿನ ಹೆಸರಲ್ಲವೇ, ಕೈ ತಾನಾಗಿ ಹಿಗ್ಗಿತ್ತು.

ಆಮೇಲೆ ಅದನ್ನು ಎಲ್ಲಿ ನೆಡುತ್ತಾರೆಂಬುದು ನೆನಪಾಯಿತು. ಕಣ್ಣಿಗೆ ಆ ರಸ್ತೆ ಕಟ್ಟಿತು. ಬೋರ್ಡಿನ ಬುಡದಲ್ಲಿ ಸಾಲಾಗಿ ಹೋಗುವ ಲಾರಿಗಳು, ಒಬ್ಬ ಚಾಲಕ ಕತ್ತೆತ್ತಿ ಅವಳ ಅಕ್ಷರ ಓದಿಕೊಂಡು ದಾರಿ ತಪ್ಪದೆ ಅವಳ ತವರುಮನೆಯ ಬೀದಿಗೆ ಚಕ್ರ ತಿರುಗಿಸುವುದು. ಅವಳು ಬ್ರಶ್ಶನ್ನು ಡಬ್ಬಿಯಲ್ಲಿ ಅದ್ದಿ ಇಟ್ಟು, ಕೈ ತೊಳೆಯದೆ ಫೋನು ಎತ್ತಿದಳು.

ತವರಲ್ಲಿ ಉಳಿದಿದ್ದವಳು ಅಕ್ಕ ಒಬ್ಬಳೇ. ಊರಿನ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ರೋಗಿಗಳ ರಾತ್ರಿ ಊಟ ಮುಗಿಸಿ, ಪಾತ್ರೆ ಕವುಚಿ, ಎಂಟು ಗಂಟೆಗೆ ಆಸ್ಪತ್ರೆಯ ಗೇಟು ದಾಟಿ ಹೆದ್ದಾರಿಯ ಪಕ್ಕದಲ್ಲೇ ನಡೆದು ಮನೆಗೆ ಬರುತ್ತಾಳೆ. ಅವಳನ್ನು ಈ ಕಡೆಗೆ ಕರೆಸಿಕೊಳ್ಳಬೇಕು. ಆದರೆ ಫೋನಿನಲ್ಲಿ ಇಂಥದ್ದಕ್ಕೇ ಎಂದು ಹೇಳುವ ಹಾಗಿಲ್ಲ. ಈಗೀಗ ಮಾತಿನ ನಡುವೆ ಯಾರೋ ಉಸಿರಾಡುವ ಸದ್ದು ಕೇಳುತ್ತಿತ್ತು.

‘ಅಕ್ಕಾ, ನನಗೆ ಮೈ ಸರಿಯಿಲ್ಲ. ನಾಲ್ಕು ದಿನ ಬಂದು ಇದ್ದು ಹೋಗು.’

‘ಏನಾಗಿದೆಯೇ?’

‘ತಲೆಸುತ್ತು.’

‘ಏಣಿ ಹತ್ತೋರಿಗೆ ತಲೆಸುತ್ತು ಬಂದ್ರೆ ಕಷ್ಟ. ಕೆಳಗಿಳಿದು ಕೂತ್ಕೋ, ಹೋಗುತ್ತೆ.’ ಅಕ್ಕ ನಕ್ಕಳು. ‘ಏ, ನಿಮ್ಮ ಕಡೆಯವರು ಬರ್ತಾರಂತೆ, ಹೌದೇನೇ? ಇಲ್ಲಿ ಎಲ್ಲರೂ ಅದೇ ಮಾತು. ಬರೋದಾದ್ರೆ ಮುಂಚೆ ಹೇಳಿ ಬರೋಕೆ ಹೇಳು, ಎಷ್ಟು ಜನ ಅಂತ ಗೊತ್ತಾದ್ರೆ ಒಲೆ ಮೇಲೆ ದೊಡ್ಡ ಪಾತ್ರೆ ಇಡ್ತೀನಿ.’

‘ಅಕ್ಕಾ, ತಮಾಷೆ ಬೇಡ. ಬಾ.’

ನಗು ಹೋದ ದನಿಯಲ್ಲಿ ಅಕ್ಕ ಹೇಳಿದಳು: ‘ಅಡ್ಡಗಂಬ ಇಳಿಸಿ ಮೂರು ದಿನ ಆಯ್ತು ಕಣೇ. ಯಾರನ್ನೂ ಬಿಡ್ತಿಲ್ಲ. ಬಿಟ್ರೂ ನಾನು ಹೇಗೆ ಬರಲಿ? ಇಬ್ಬರು ಕೆಲಸ ಬಿಟ್ಟು ಓಡಿಹೋದ್ರು. ವಾರ್ಡಿನ ತುಂಬ ಜನ, ಅವರಿಗೆ ಹೊಟ್ಟೆಗೆ ಹಾಕೋರು ಯಾರು?’

‘ಹೋಗಲಿ, ಕತ್ತಲಾದ ಮೇಲಾದ್ರೂ ಹೊರಗೆ ಓಡಾಡಬೇಡ.’

‘ಆಸ್ಪತ್ರೆಯಲ್ಲೇ ಮಲಗು ಅಂತೀಯಾ? ಒಂದು ಮಂಚಕ್ಕೆ ಇಬ್ಬಿಬ್ಬರನ್ನ ಹಾಕಿದ್ದಾರೆ. ನನ್ನ ಎಂಟು ಗಂಟೆ ನನಗಿದೆ, ನೀನು ತಲೆಸುತ್ತು ನೋಡ್ಕೋ.’

ಫೋನು ಇಟ್ಟಾಗ ರಿಸೀವರಿನ ಮೇಲೆ ಅವಳ ಬೆರಳಿನ ಬಣ್ಣ ಅಂಟಿತ್ತು.

ಶುಕ್ರವಾರ ಆಕಾಶದಲ್ಲಿ ಏನೋ ಗುಡುಗಿ ಹೋಯಿತು, ಬೀದಿಯ ಕಿಟಕಿಗಳೆಲ್ಲ ಒಮ್ಮೆ ನಡುಗಿದವು. ಯಾರೂ ಹೊರಗೆ ಬಂದು ನೋಡಲಿಲ್ಲ. ಎದುರು ಮನೆಯಾಕೆ ಮಕ್ಕಳನ್ನು ಶಾಲೆಯಿಂದ ಅರ್ಧಕ್ಕೇ ಕರೆತಂದಳು. ಔಷಧದಂಗಡಿಯಲ್ಲಿ ಹತ್ತಿ ಮುಗಿದಿತ್ತು. ಬೀಗ ಹಾಕಿದ ಚಹಾದಂಗಡಿಯ ಸಂದಿಯಿಂದ ಕೆಟ್ಟ ಹಾಲಿನ ವಾಸನೆ ಬರುತ್ತಿತ್ತು, ಜನ ಮೂಗು ಮುಚ್ಚಿಕೊಳ್ಳದೆ, ಅದು ತಮಗೆ ಬರುತ್ತಲೇ ಇಲ್ಲವೆಂಬಂತೆ ದಾಟಿ ಹೋಗುತ್ತಿದ್ದರು.

ಸಾಹೇಬ ಶನಿವಾರ ಬೆಳಿಗ್ಗೆಯೇ ಬಂದ. ಒಣಗಿದ ಬೋರ್ಡುಗಳನ್ನು ಇಬ್ಬರು ಹೊತ್ತು ಸಾಗಿಸಿದರು. ತವರೂರಿನದನ್ನು ಅವನು ಬೆಳಕಿಗೆ ಹಿಡಿದು ನೋಡಿದ.

‘ಒಳ್ಳೆ ಕೈ ನಿಮ್ಮದು,’ ಎಂದ.

ಆಮೇಲೆ ಜೇಬಿನಿಂದ ಇನ್ನೊಂದು ಚೀಟಿ ತೆಗೆದ. ‘ಇದೊಂದು ಬೇಕು. ಇದೇ ಮಾತು ಎಲ್ಲ ಊರಿಗೂ. ಮೇಲಿನ ಸಾಲು ಬೇಡ, ನಮ್ಮವರು ಓದಬೇಕಾದ್ದಲ್ಲ. ಬರೀ ಅವರ ಲಿಪಿ. ಈ ಸಲ ದೊಡ್ಡದಾಗಿರಲಿ, ಕೆಂಪು ಬಣ್ಣ. ಸಂಜೆ ಬರ್ತಾರೆ ಒಯ್ಯೋಕೆ.’

ಚೀಟಿ ಈಚೆಯ ಮಾತಿನಲ್ಲಿತ್ತು. ಅವಳು ಓದಿದಳು. ‘ಸಂಜೆ ಆರರ ನಂತರ ಹೊರಗೆ ಕಂಡವರ ಮೇಲೆ ಗುಂಡು ಹಾರಿಸಲಾಗುವುದು.’

ಮತ್ತೊಮ್ಮೆ ಓದಲಿಲ್ಲ. ಬೇಕಾಗಿರಲಿಲ್ಲ. ಆಸ್ಪತ್ರೆಯ ಗೇಟು, ಅಕ್ಕನ ಕೈಯಲ್ಲಿ ಖಾಲಿ ಡಬ್ಬಿಯ ಚೀಲ, ಮಂಡಿ ನೋವಿಗೆ ಒಂದು ಬದಿಗೆ ವಾಲುವ ಅವಳ ನಡಿಗೆ. ಅಕ್ಕ ಓಡಲಾರಳು. ಕರೆದರೆ ತಿರುಗಿ ನಿಂತು ‘ಯಾರಪ್ಪ?’ ಎಂದು ಕೇಳುವವಳು.

ಮೈದುನ ಅವಳ ಮುಖ ನೋಡಿದ. ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಓದಿದ. ಅವನಿಗೆ ಅಕ್ಕನ ಎಂಟು ಗಂಟೆ ಗೊತ್ತು. ತನ್ನ ಮಾತಿನ ಚೀಲದಲ್ಲಿ ಉಳಿದದ್ದನ್ನೆಲ್ಲ ಒಮ್ಮೆಗೇ ಸುರಿದ:

‘ಸಾರ್, ಅತ್ತಿಗೆಗೆ ಕೈನೋವು ಸಾರ್. ಎರಡು ದಿನದಿಂದ ಬ್ರಶ್ಶು ಹಿಡಿಯೋಕೇ ಆಗ್ತಿಲ್ಲ. ಇದನ್ನೇ ಹೇಗೋ ಮುಗಿಸಿದ್ದು. ಡಾಕ್ಟರು ಒಂದು ತಿಂಗಳು ಬರೀಬಾರದು ಅಂದಿದ್ದಾರೆ.’

ಸಾಹೇಬ ತವರೂರಿನ ಬೋರ್ಡು ಹೋದ ಬಾಗಿಲ ಕಡೆ ನೋಡಿದ, ಆಮೇಲೆ ಅವಳ ಕೈ ನೋಡಿದ. ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

‘ಅಮ್ಮ, ಯೋಚನೆ ಮಾಡಿ. ಇದು ನಿಮ್ಮ ಜನಕ್ಕೇ ಒಳ್ಳೇದು. ಬೋರ್ಡು ಇದ್ರೆ ಓದ್ತಾರೆ, ಒಳಗಿರ್ತಾರೆ, ಬದುಕ್ತಾರೆ. ಇಲ್ಲದಿದ್ರೆ ಗೊತ್ತಿಲ್ಲದೆ ಹೊರಗೆ ಬಂದು ಸಾಯ್ತಾರೆ. ಅವರನ್ನ ಉಳಿಸೋ ಕೆಲಸ ಕೊಡ್ತಿದ್ದೀನಿ ನಿಮಗೆ.’

ಮಾತು ನೆಟ್ಟಗಿತ್ತು, ಸರಿಯಾಗಿ ಅಳೆದು ಬರೆದ ಅಕ್ಷರದ ಹಾಗೆ. ಒಂದು ಗಳಿಗೆ ಅವಳಿಗೂ ಹೌದೆನ್ನಿಸಿತು. ಅಕ್ಕ ಓದಿದರೆ? ಓದಿ ಒಳಗೇ ಉಳಿದರೆ? ಆದರೆ ಅಕ್ಕ ಓದುತ್ತಾಳೆ, ಓದಿದ ಮೇಲೂ ರೋಗಿಗಳಿಗೆ ಬಡಿಸುತ್ತಾಳೆ, ಬಡಿಸಿ ಎಂಟಕ್ಕೇ ಗೇಟು ದಾಟುತ್ತಾಳೆ. ಬೋರ್ಡಿದ್ದರೆ ನಿಲ್ಲುವುದು ಗುಂಡಲ್ಲ. ಬೋರ್ಡಿದ್ದರೆ ತಪ್ಪು ಅಕ್ಕನದಾಗುತ್ತದೆ. ರಸ್ತೆಯಲ್ಲಿ ಬಿದ್ದವಳನ್ನು ತೋರಿಸಿ, ಬರೆದಿತ್ತಲ್ಲ, ಅದೂ ಅವಳದೇ ಭಾಷೆಯಲ್ಲಿ ಬರೆದಿತ್ತಲ್ಲ ಎನ್ನುತ್ತಾರೆ. ಹೊಡೆದವನು ಊಟ ಮಾಡಿ ನಿದ್ದೆ ಹೋಗುತ್ತಾನೆ. ಹತ್ತು ವರ್ಷ ಬಾಳುವ ಬಣ್ಣದಲ್ಲಿ ಅವನ ಪರವಾಗಿ ಅಕ್ಕನ ತಂಗಿಯೇ ಸಾಕ್ಷಿ ಬರೆದುಕೊಟ್ಟಿರುತ್ತಾಳೆ.

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

‘ಕೈನೋವು ಅಂದ್ರಲ್ಲ,’ ಎಂದ ಸಾಹೇಬ ಮೈದುನನಿಗೆ, ಅವಳಿಗೆ ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿಡುವವನ ಹಾಗೆ. ‘ನಮ್ಮ ಡಾಕ್ಟರಿದ್ದಾರೆ, ತೋರಿಸೋಣ. ನಾಳೆಗೆ ಸರಿಹೋಗುತ್ತಾ?’

‘ಹೋಗುತ್ತೆ ಸಾರ್, ಹೋಗುತ್ತೆ,’ ಎಂದ ಮೈದುನ, ಅತ್ತಿಗೆಯ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಳ್ಳುತ್ತಾ. ‘ಹ್ಞೂಂ ಅನ್ನಿ ಅತ್ತಿಗೆ.’

ಬಣ್ಣದಮ್ಮ ಚೀಟಿಯನ್ನು ಮೈದುನನ ಕೈಯಿಂದ ತೆಗೆದುಕೊಂಡು ಸಾಹೇಬನ ಮುಂದಿಟ್ಟಳು.

‘ಕೈ ಚೆನ್ನಾಗಿದೆ,’ ಎಂದಳು. ‘ಬರೆಯಲ್ಲ.’