ಮೂವತ್ತೊಂದು ಸಲ ಒತ್ತಿದ್ದು

“ಆ್ಯಪ್ ಡಿಲೀಟ್ ಮಾಡಿ ಮತ್ತೆ ಹಾಕ್ಕೊಳ್ಳಿ, ಎಜೆ. ಎಲ್ಲಾ ಸರಿಹೋಗುತ್ತೆ.”

ರಾಜಧಾನಿ ಬಿಷ್ಕೆಕ್‌ನ ಆ ಕಚೇರಿಯಲ್ಲಿ ಸಕಲ ರೋಗಕ್ಕೂ ಇದೊಂದೇ ಕಷಾಯ. ಎಜೆ, ಅಂದರೆ ಅಕ್ಕ, ಎಂದು ಕರೆದು ಮಾತು ಮುಗಿಸಿ ಯಜಮಾನ ಉರ್ಮಾತ್ ಫೋನಿಟ್ಟ. ಎದುರು ಮೇಜಿನಲ್ಲಿ, ಆಂಬುಲೆನ್ಸ್ ಕರೆಯುವ ಆ ಆ್ಯಪನ್ನೇ ಬರೆದ ಚೊಲ್ಪೊನ್ ಚಹಾ ಬಟ್ಟಲು ಕೆಳಗಿಟ್ಟಳು.

“ಯಾರಿಗೆ ಹೇಳಿದ್ರಿ, ಬಾಯ್ಕೆ?” ಹಿರಿಯಣ್ಣನನ್ನು ಕರೆಯುವಂತೆ ಕರೆದು ಕೇಳಿದಳು.

“ಅದೇ, ಗುಡ್ಡದ ಮೇಲಿನ ನರ್ಸಮ್ಮ, ಬುರುಲ್. ಸೋಮವಾರ ವಿಚಾರಣೆ ಮುಗಿದ್ರೆ ಕೆಲಸ ಕಳ್ಕೊಂಡು ಮನೆಗೆ ಹೋಗೋಳು. ಅಷ್ಟರಲ್ಲಿ ಫೋನ್ ಒಂದಷ್ಟು ಚೊಕ್ಕ ಆಗ್ಲಿ.”

ಕೋಕ್-ಜಾರ್ ಊರಿಗೆ ಬುರುಲ್ ಇಪ್ಪತ್ಮೂರು ವರ್ಷಗಳಿಂದ ಆರೋಗ್ಯ ಸಹಾಯಕಿ. ಮಂಗಳವಾರ ಕುರಿಗಾಹಿ ಸಾದಿರ್‌ಗೆ ಪಾರ್ಶ್ವವಾಯು ಬಡಿದಿತ್ತು. ಆಂಬುಲೆನ್ಸ್ ನಾಲ್ಕು ತಾಸು ತಡವಾಗಿ ಬಂತು. ಜೀವ ಉಳಿಯಿತು, ಮಾತು ಹೋಯಿತು. ಹತ್ತು ಗಂಟೆಯಿಂದಲೇ ಆ್ಯಪಿನ ಗುಂಡಿ ಒತ್ತಿದೆನೆಂದು ಬುರುಲ್ ಆಣೆಯಿಟ್ಟಳು. ರಾಜಧಾನಿಯ ಸರ್ವರಿನಲ್ಲಿದ್ದದ್ದು ಒಂದೇ ಕರೆ, ಮಧ್ಯಾಹ್ನ ಎರಡರದು. ಆ್ಯಪ್ ಬಂದ ಮೇಲೆ ಆಂಬುಲೆನ್ಸಿನ ಹಳೆಯ ಫೋನ್ ನಂಬರನ್ನು ಮುಚ್ಚಿಹಾಕಿದ್ದರು. ಮುಚ್ಚಿದವರನ್ನು ಯಾರೂ ಕೇಳಲಿಲ್ಲ; ಹೊತ್ತಿಗೆ ಸರಿಯಾಗಿ ಕರೆಯಲಿಲ್ಲವೆಂಬ ದೂರು ಬುರುಲ್ ಮೇಲೆ ಬಿತ್ತು. ಗುಡ್ಡದ ಹೆಂಗಸಿನ ಮಾತಿಗೆ ಸಾಕ್ಷಿ ಬೇಕು, ರಾಜಧಾನಿಯ ಯಂತ್ರದ ಮಾತಿಗೆ ಬೇಡ.

ಆದರೆ ಸಾಕ್ಷಿ ಇತ್ತು. ಗುಡ್ಡಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವೆಂದು ಚೊಲ್ಪೊನ್ ಆ್ಯಪಿನ ಪ್ರತಿ ಹೆಜ್ಜೆಯನ್ನೂ ಫೋನಿನೊಳಗೇ ಒಂದು ಲಾಗ್ ಫೈಲಿನಲ್ಲಿ ಬರೆದಿಡುವಂತೆ ಮಾಡಿದ್ದಳು. ಯಾವಾಗ ಒತ್ತಿದರು, ಏನು ಉತ್ತರ ಬಂತು, ಎಲ್ಲವೂ ಅಲ್ಲಿರುತ್ತದೆ. ಆ್ಯಪ್ ಅಳಿಸಿದರೆ ಆ ಫೈಲೂ ಹೋಗುತ್ತದೆ. ಉರ್ಮಾತ್‌ಗೂ ಅದು ಗೊತ್ತಿತ್ತು.

ಹತ್ತು ಸಲ ಫೋನ್ ಮಾಡಿದರೂ ಬುರುಲ್ ಸಿಗಲಿಲ್ಲ. ಶನಿವಾರ ನಸುಕಿನಲ್ಲೇ ಚೊಲ್ಪೊನ್ ನಾರಿನ್ ಕಡೆಯ ಟ್ಯಾಕ್ಸಿಯಲ್ಲಿ ನಾಲ್ಕನೆಯವಳಾಗಿ ತುರುಕಿಕೊಂಡಳು.

ಕೋಕ್-ಜಾರ್‌ನಲ್ಲಿ ಬಾಗಿಲು ತೆರೆದ ಬುರುಲ್ ಯಾರು, ಎತ್ತ ಎಂದು ಕೇಳುವ ಮೊದಲೇ ರೊಟ್ಟಿ ಮುಂದಿಟ್ಟಳು.

“ಎಜೆ, ಆ್ಯಪ್ ಬರೆದೋಳು ನಾನು. ಡಿಲೀಟ್ ಮಾಡ್ಬಿಟ್ರಾ?”

“ಮೊದ್ಲು ರೊಟ್ಟಿ ಮುರಿ. ರೊಟ್ಟಿ ಮುಟ್ಟದೋರ ಮಾತು ಈ ಮನೇಲಿ ಹೊಸ್ತಿಲು ದಾಟಲ್ಲ. ಪಟ್ಟಣದಲ್ಲಿ ಉಪವಾಸ ಕೆಡವ್ತಾರೇನೆ ನಿನ್ನ? ಕಡ್ಡಿ ಆಗಿದ್ದೀಯ.”

ಚೊಲ್ಪೊನ್ ಒಂದು ಚೂರು ಮುರಿದು ಬಾಯಿಗಿಟ್ಟಳು.

“ಮಾಡ್ಲಿಲ್ಲ ಕಣೆ,” ಎಂದಳು ಬುರುಲ್. “ಸಾಹೇಬ್ರ ಮಾತು ಮೀರಿದ್ಲು ಅಂತ ಇನ್ನೊಂದು ತಪ್ಪು ಬರ್ಕೊಳ್ಳಿ. ಪಕ್ಕದ್ಮನೆ ಸೋನುನ್‌ಗೆ ದಿನ ತುಂಬಿದೆ. ಇಲ್ಲಿಯ ನೆಟ್‌ವರ್ಕ್‌ನಲ್ಲಿ ಮತ್ತೆ ಹಾಕ್ಕೊಳ್ಳೋಕೆ ಎರಡು ದಿನ ಬೇಕು. ನಡುವೆ ನೋವು ಕಾಣಿಸ್ಕೊಂಡ್ರೆ ಯಾರನ್ನ ಕೂಗ್ಲಿ? ಕುರುಡು ನಾಯಿ ಆದ್ರೂ ಬಾಗಿಲಲ್ಲಿರ್ಲಿ ಅಂತ ಇಟ್ಕೊಂಡೆ.”

ಕರ್ತವ್ಯ ಮರೆತಳೆಂದು ಯಾರ ಮೇಲೆ ದೂರೋ, ಅವಳು ಕರ್ತವ್ಯ ಬಿಡದಿದ್ದುದರಿಂದಲೇ ಸಾಕ್ಷಿ ಉಳಿದಿತ್ತು. ಚೊಲ್ಪೊನ್ ಫೋನನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಫೈಲು ತೆರೆದಳು. 10:07, ಒತ್ತಿದ್ದು, ಸರ್ವರ್ ನಿರಾಕರಿಸಿದೆ. 10:09, ಒತ್ತಿದ್ದು, ನಿರಾಕರಿಸಿದೆ. ಎರಡು ಗಂಟೆಯವರೆಗೆ ಮೂವತ್ತೊಂದು ಸಲ; ನಿರಾಕರಿಸಿದ್ದನ್ನು ಸರ್ವರ್ ತನ್ನಲ್ಲಿ ಬರೆದಿಡುತ್ತಿರಲಿಲ್ಲ.

“ನಿರಾಕರಿಸಿದೆಯಾ?” ಬುರುಲ್ ಕಣ್ಣು ಕಿರಿದುಮಾಡಿದಳು. “ನಂಗೆ ‘ಕಳಿಸಲಾಗುತ್ತಿದೆ’ ಅಂತಲೇ ತೋರಿಸ್ತಲ್ಲೇ! ಬಂತು, ಈಗ ಬಂತು ಅಂತ ಕಾದೆ. ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಸಾದಿರ್‌ನ ಲಾರಿಯಲ್ಲಿ ಹಾಕ್ಕೊಂಡು ಹೋಗ್ತಿದ್ದೆ.”

ಕರೆ ವಿಫಲವೆಂಬ ಕೆಂಪು ಅಕ್ಷರ ಕಂಡರೆ ಮಂತ್ರಿಗಳು ಬೆದರುತ್ತಾರೆ, ‘ಕಳಿಸಲಾಗುತ್ತಿದೆ’ ಎಂದು ತೋರಿಸು, ಎಂದಿದ್ದವನು ಉರ್ಮಾತ್. ತೋರಿಸಿದವಳು ಚೊಲ್ಪೊನ್.

“ಆ ಸುಳ್ಳು ಬರೆದೋಳು ನಾನೇ, ಎಜೆ.”

ಬಟ್ಟಲಿನ ಚಹಾ ಆರಿತ್ತು. ಬುರುಲ್ ಅದನ್ನು ಚೆಲ್ಲಿ ಬಿಸಿಯದು ಸುರಿದಳು.

“ಇದನ್ನ ಸೋಮವಾರ ಅಲ್ಲಿ ಹೇಳ್ತೀಯಾ? ನಿನ್ನ ಅನ್ನ ಹೋಗುತ್ತೆ.”

“ಹೇಳ್ತೀನಿ.”

ಸೋಮವಾರ ವಿಚಾರಣೆ ನಡೆಯುವ ನಾರಿನ್‌ನ ಆರೋಗ್ಯ ಕಚೇರಿಯಲ್ಲಿ ಬುರುಲ್‌ಳ ವಜಾ ಆದೇಶ ಆಗಲೇ ಟೈಪಾಗಿ ಮೇಜಿನ ಮೇಲಿತ್ತು. ಸಹಿಯೊಂದು ಬಾಕಿ. ಉರ್ಮಾತ್ ವಿಚಾರಣೆಯ ಅಧ್ಯಕ್ಷರ ಪಕ್ಕದಲ್ಲೇ ಕುಳಿತಿದ್ದ. ಚೊಲ್ಪೊನ್ ಫೋನನ್ನು ಮೇಜಿನ ಮೇಲಿಟ್ಟು, ಆ ಸುಳ್ಳು ಸಾಲು ಬರೆದದ್ದು ತಾನೆಂದೂ ಬರೆಸಿದ್ದು ಯಾರೆಂದೂ ಹೇಳಿ, ಫೈಲು ಓದತೊಡಗಿದಳು. ಐದನೆಯ ಸಾಲಿಗೆ ಅಧ್ಯಕ್ಷರು ಕೈಯೆತ್ತಿದರು.

“ಸಾಕಮ್ಮ, ಅರ್ಥ ಆಯ್ತು. ಉಳಿದದ್ದೂ ಹಾಗೇ ಇರುತ್ತೆ.”

“ಇರಲ್ಲ, ಸಾಹೇಬ್ರೇ,” ಬುರುಲ್ ಎದ್ದು ನಿಂತಳು. “ಒಂದೊಂದು ಸಲ ಒತ್ತಿದಾಗ್ಲೂ ಸಾದಿರ್ ನನ್ನ ಮುಖ ನೋಡ್ತಿದ್ದ. ಹನ್ನೊಂದರವರೆಗೂ ಮಾತಾಡ್ತಿದ್ದ. ಆಮೇಲೆ ಇಲ್ಲ. ಅವಳು ಓದ್ಲಿ. ಅಷ್ಟೂ ಓದ್ಲಿ.”

ಚೊಲ್ಪೊನ್ ಓದಿದಳು. ಉರ್ಮಾತ್ ಕಿಟಕಿಯತ್ತ ತಿರುಗಿದ. ಹದಿನೇಳನೆಯ ಸಾಲಿನ ಹೊತ್ತಿಗೆ ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿ, ಆ ಆದೇಶದ ಹಾಳೆಯನ್ನು ಮಗುಚಿಟ್ಟರು.

“ಮುಂದೆ ಓದಿ,” ಎಂದರು.